ಕರಿಕಿವಿಯ ಕಿವುಡು

ಜನವರಿ 6, ಬೆಳಿಗ್ಗೆ 7
ಎಂದಿನಂತೆ ಅಂಬಣ್ಣ ಕಾಕಾನ ಪ್ಲೇಯರ್ ಚಾರ್ಜಿಗೆ. ಗಂಟಲ ಆಪರೇಷನ್‌ನಲ್ಲಿ ಕಾಕಾನ ದನಿ ಹೋಯಿತು. ಅದಕ್ಕೂ ಮುಂಚೆ ರೆಕಾರ್ಡ್ ಮಾಡಿಟ್ಟಿದ್ದೆ — ಅವನ ಕೂಗು, ಸಿಳ್ಳು. ಈಗ ಅವೇ ಕುರಿ ತಿರುಗಿಸುತ್ತವೆ. ಪ್ಲೇಯರ್ ಕಾಕಾನ ಕೊರಳಲ್ಲಿ, ಸ್ಪೀಕರ್ ಸೊಂಟದಲ್ಲಿ.
ಇಂದು ನನ್ನ ಘನ ಕಾಣಿಕೆ: "ಕುರಿಕುಲತಿಲಕ ಶ್ರೀಮತಿ ಕರಿಕಿವಿಯವರಿಗೆ ಬಹುಪರಾಕ್!" ನನ್ನದೇ ದನಿಯಲ್ಲಿ, ಹದಿನೆಂಟು ಬಗೆ. ಪ್ಲೇಯರಿನಲ್ಲಿ ಜಾಗ ಸಾಲಲಿಲ್ಲ. ಅದಕ್ಕೆ ತುಂಬಲು ಸಿಂಕ್ ಮಾಡುವಾಗ ಲ್ಯಾಪ್‌ಟಾಪ್ ಕೇಳಿತು — ಫೈಲ್‌ಗಳನ್ನೆಲ್ಲ ಸಣ್ಣದು ಮಾಡಲೇ? ಟಿಕ್ ಹಾಕಿದೆ.

ಜನವರಿ 7, ಸಂಜೆ
ಬಹುಪರಾಕಿಗೆ ಕಾಕಾ ಹೊಟ್ಟೆ ಹಿಡಿದು ನಕ್ಕನಂತೆ, ಸದ್ದಿಲ್ಲದೆ. ಆದರೆ ಸಿಳ್ಳಿಗೆ ಕರಿಕಿವಿ ತಿರುಗಲಿಲ್ಲ. ಹಿಂಡಿನ ಮುಂದಾಳು ಅವಳು. ಎಲ್ಲವೂ ಅವಳ ಹಿಂದೆ, ಪೋತ್ನಾಳ ರಸ್ತೆ ಬದಿಯ ಭತ್ತದೊಳಗೆ. ಹೊಲದವರ ಬೈಗುಳ.
ಕಾಕಾನ ಹೆಂಡತಿ ಯಂಕಮ್ಮ ಚಿಗವ್ವ ಕೇಳಿದಳು: "ಹಾಲೇಶ, ನಿನ್ನ ಡಬ್ಬಿ ಕೆಟ್ಟದೇನೋ?"
ಒಪ್ಪುವುದುಂಟೇ? ಟಾರ್ಚ್ ಹಿಡಿದು ಕುರಿಯ ಕಿವಿ ಪರೀಕ್ಷಿಸಿದೆ, ದೊಡ್ಡ ಡಾಕ್ಟರಂತೆ. "ಡಬ್ಬಿ ಚಲೋ ಅದ ಚಿಗವ್ವಾ. ಇಕಿಗಿ ವಯಸ್ಸಾಗ್ಯಾದ. ಕಿವುಡಿ ಆಗ್ಯಾಳ."
"ಹೌದೇನ ಯಪ್ಪಾ!"
ನಗುತ್ತಾಳೆಂದುಕೊಂಡಿದ್ದೆ. ಓದಿದವನ ಮಾತೆಂದು ನಂಬಿಬಿಟ್ಟಳು. ಕಾಕಾ ಕರಿಕಿವಿಯ ತಲೆ ಸವರುತ್ತ ಕುಳಿತ. ತಮಾಷೆ ಅಂತ ಆಗಲೇ ಹೇಳಬೇಕಿತ್ತು...

ಜನವರಿ 15, ಸಂಜೆ
ವಾರದಿಂದ ಆ ಕಡೆ ಮುಖ ಹಾಕಿಲ್ಲ. ಚಿಗವ್ವನೇ ಬಂದು ಪ್ಲೇಯರ್, ಸ್ಪೀಕರ್ ಎರಡೂ ವಾಪಸ್ ಕೊಟ್ಟಳು.
"ಇನ್ನ ಬ್ಯಾಡ ತಗೋ. ನಾಳಿ ಅಕಿನ್ನ ದೇವದುರ್ಗ ಸಂತಿಗಿ ಒಯ್ತಾನ ನಿಮ್ಮ ಕಾಕಾ. ಕಿವುಡ ಕುರಿ ಹಿಂದ ಹಿಂಡು ಹೆಂಗ ಬಿಡಾದು?"
ಲ್ಯಾಪ್‌ಟಾಪಿನ ಮೂಲ ಸಿಳ್ಳು, ಪ್ಲೇಯರಿನ ಸಿಳ್ಳು — ಒಂದಾದ ಮೇಲೊಂದು ಕೇಳಿದೆ. ಫೈಲ್ ಸಣ್ಣದಾಗಿಸಿದ್ದರಲ್ಲಿ ಸಿಳ್ಳಿನ ಚೂಪಾದ ತುದಿಯೇ ಇಲ್ಲ. ಬರೀ ಗಾಳಿ. ಯಾವ ಕುರಿ ತಿರುಗೀತು?
ಟಿಕ್ ತೆಗೆದೆ. ಹದಿನೆಂಟು ಬಹುಪರಾಕನ್ನೂ ಅಳಿಸಿದೆ. ಮತ್ತೆ ಸಿಂಕ್. ಮೂಲ ಸಿಳ್ಳು ಇದ್ದ ಹಾಗೇ ಪ್ಲೇಯರಿಗೆ ಹೋಯಿತು. ಕಾಕಾನ ಮನೆ ಮೂರು ಮನೆ ಆಚೆ. ಹೋಗಲಿಲ್ಲ. ಬೆಳಿಗ್ಗೆ ಹೇಳಿದರಾಯಿತು...

ಜನವರಿ 16, ಮಧ್ಯಾಹ್ನ
ಎದ್ದಾಗ ಅವರು ಹೊರಟಾಗಿತ್ತು. ಪ್ಲೇಯರ್, ಸ್ಪೀಕರ್ ಹಿಡಿದು ಬೈಕಿನಲ್ಲಿ ಸಂತೆಗೆ ಹೋದೆ. ಕರಿಕಿವಿ ಆಗಲೇ ಕೊಂಡವರ ಲಾರಿಯಲ್ಲಿ, ಮೂವತ್ತು ಕುರಿಗಳ ನಡುವೆ. ಬಟನ್ ಒತ್ತಿದೆ. ಸಿಳ್ಳು. ಒಂದೇ ಒಂದು ತಲೆ ಎದ್ದಿತು. ನೋಡಿದ್ದು ನನ್ನನ್ನಲ್ಲ, ಕಾಕಾನನ್ನು.
"ಲೇ, ಇಕಿಗಿ ಕೇಳಸ್ತದಲ್ಲೋ!" ಚಿಗವ್ವ.
ಲಾರಿ ಸ್ಟಾರ್ಟ್ ಆಯಿತು. ಕಾಕಾ ನನ್ನ ಮುಖ ನೋಡಿದ. ದನಿ ಇದ್ದಿದ್ದರೆ ಬೈಯುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು.
"ಕಾಕಾ, ಅಕಿ ಕಿವುಡಿ ಅಲ್ಲ. ನಾನು ಸುಳ್ಳು..." ಅಂದೆ. ಹಾರ್ನಿನಲ್ಲಿ ಕೇಳಿಸಿತೋ ಇಲ್ಲವೋ. ಮತ್ತೊಮ್ಮೆ ಹೇಳಬೇಕಿತ್ತು. ನಾನು ಪ್ಲೇಯರನ್ನು ಕಾಕಾನ ಕೊರಳಿಗೆ ಹಾಕಿ ಬೈಕ್ ಹತ್ತಿದೆ.