ಕಾಕಾ ಹಿಡಿದ ಕ್ಲಚ್

೧೨ ಜನವರಿ ೨೦೧೧, ಬುಧವಾರ. ಜಮಖಂಡಿ.

ಆ ಪಿಸ್ಟನ್ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ಮುಧೋಳದ ಮಣ್ಣಿನ ಹಾದಿಯ ಬೈಕ್ ರೇಸ್ ಆದಂದಿನಿಂದ ಮೂಲೆ ಹಿಡಿದಿದ್ದ ಕಾಕಾನ ಗಾಡಿಯನ್ನು ಮತ್ತೆ ಓಡಿಸಬೇಕೆಂದು ಇವತ್ತು ಎಂಜಿನ್ ಬಿಚ್ಚಿದೆ. ಪಿಸ್ಟನ್ ಮೇಲಿನ ಗೀರು ಒಂದೇ ಬದಿಗಿದ್ದರೆ ಬರೀ ಕಾವಿನಿಂದ ಆದದ್ದು ಎನ್ನುತ್ತಿದ್ದೆ. ಸುತ್ತಲೂ ಇವೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿ. ಈ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಕಲಸಬೇಕು; ಅವತ್ತು ಕಲಸಿಯೇ ಇಲ್ಲ.

ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದ ಕಾಕಾ ಅಂಜಿ ನಿಂತುಬಿಟ್ಟ ಎಂದು ಊರೆಲ್ಲ ನಕ್ಕಿದೆ. ಅಂಜಿದ್ದಲ್ಲ, ಎಣ್ಣೆಯಿಲ್ಲದೆ ಎಂಜಿನ್ ಹಿಡಿದುಕೊಂಡು ಹಿಂದಿನ ಗಾಲಿ ತಿರುಗದಾಗಿದೆ. ಆ ವೇಗದಲ್ಲಿ, ಆ ಕ್ಷಣದಲ್ಲೇ ಕ್ಲಚ್ ಹಿಡಿದು ಗಾಲಿ ಬಿಡಿಸದಿದ್ದರೆ ಗಾಡಿ ಜನರ ಮೇಲೆ ಹೋಗುತ್ತಿತ್ತು. ಎಂಥ ಕೈ!

"ಎಣ್ಣಿ ಯಾರು ಕಲಸೋರಿದ್ರು ಕಾಕಾ?"

ಕಾಕಾ ಪಿಸ್ಟನ್ನನ್ನು ಅರಿವೆಯಲ್ಲಿ ಸುತ್ತಿಟ್ಟ. "ನಿಮ್ಮಪ್ಪ. ಅಂವಗ ಹೇಳಬ್ಯಾಡಲೇ, ಮನಸಿಗಿ ಹಚ್ಕೋತಾನ."

"ಇಷ್ಟ ವರ್ಷ ಮಂದಿ ನಕ್ಕರಲ್ಲ?"

"ನಗಲಿ ಬಿಡು. ಯಾರಿಗೂ ಪೆಟ್ಟ ಆಗಲಿಲ್ಲಲ್ಲ."

ಊಟಕ್ಕೆ ಕುಳಿತಾಗ ಅಪ್ಪ ಕಾಕಾನತ್ತ ಕೈ ತೋರಿಸಿ ಮತ್ತೆ ಶುರು ಮಾಡಿದ. "ಗಾಡಿ ರಿಪೇರಿ ಆತಂದ್ರ ನಮ್ಮ ಪರಮಾನಂದಗ ಕೊಡಬ್ಯಾಡ, ಮತ್ತ ಅಂಜಿ ನಿಂತಾನು!"

ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಕಾನೇ. ನಗುತ್ತಲೇ ಅಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ. ನಾನು ಅವನ ಎಡಗೈಯನ್ನೇ, ಅವತ್ತು ಕ್ಲಚ್ ಹಿಡಿದ ಆ ಕೈಯನ್ನೇ ನೋಡುತ್ತ ರೊಟ್ಟಿ ಮುರಿದೆ.