ಗೋಲಿನೆದುರಿನ ಕೂಗು

ಜೆ.ಪಿ. ನಗರ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಭೀಮೇಶ,

ಕವರಿನ ಮೇಲಿನ ಅಕ್ಷರ ನೋಡಿಯೂ ಹರಿದು ಹಾಕದೆ ಇಲ್ಲಿಯವರೆಗೆ ಬಂದಿದ್ದೀಯ ಎಂದರೆ ಇನ್ನೂ ಒಂದು ಪುಟ ತಾಳಿಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಶ್ರೀನಗರದ ನಿನ್ನ ಮನೆಯವರೆಗೆ ಎರಡು ಸಲ ಬಂದು, ಬೆಲ್ ಒತ್ತದೆ ವಾಪಸಾಗಿದ್ದೇನೆ.

ಸಾಕಾಗಿದೆ ಕಣೋ. ಫ್ಯಾಕ್ಟರಿಯ ಫುಟ್‌ಬಾಲ್ ಟೀಮಿನಲ್ಲಿ ಹನ್ನೊಂದು ವರ್ಷ ನಿನ್ನ ಗೋಲಿನ ಮುಂದೆ ಸ್ಟಾಪರ್ ಬ್ಯಾಕ್ ಆಗಿ ಒದೆ ತಿಂದ ಮೊಣಕಾಲು, ಹದಿನಾಲ್ಕು ವರ್ಷ ಮಕ್ಕಳ ಕೋಚ್ ಎಂದು ನಿಂತು ನಿಂತು ಈಗ ಪೂರ್ತಿ ಕೈಕೊಟ್ಟಿದೆ. ಕ್ರಿಕೆಟ್‌ನವರು ಬರುವ ಮೊದಲೇ ಹೋಗಿ ಅರ್ಧ ಮೈದಾನ ಹಿಡಿಯಬೇಕು. ಅಪ್ಪ ಅಮ್ಮಂದಿರಿಗೆಲ್ಲ ಒಂದೇ ಆಸೆ: "ಸಾರ್, ನಮ್ ಮಗೂನ ಫಾರ್ವರ್ಡ್ ಆಡ್ಸಿ." ಹಿಂದೆ ನಿಂತು ಗೋಲು ತಪ್ಪಿಸುವ ಮಗುವಿನ ಫೋಟೋ ಯಾರಿಗೆ ಬೇಕು?

ಇವತ್ತು ಹುಡುಗಿಯರ ಮ್ಯಾಚ್ ಇತ್ತು. ಸುರಭಿ ನಮ್ಮ ಗೋಲ್‌ಕೀಪರ್, ಅವಳ ಮುಂದೆ ಇಂಚರ ಸ್ಟಾಪರ್. ಕೀಪರ್ "ನಂದು" ಎಂದು ಕೂಗಿದರೆ ಸ್ಟಾಪರ್ ಬಾಲ್ ಬಿಟ್ಟು ಸರಿಯಬೇಕು. ನಾನು ಮೊದಲ ದಿನ ಕಲಿಸುವುದೇ ಅದನ್ನು. ಇಂಚರ ಸರಿಯಲಿಲ್ಲ, ತಲೆ ಕೊಟ್ಟಳು. ಬಾಲ್ ನಮ್ಮದೇ ಗೋಲಿನೊಳಕ್ಕೆ ಹೋಯಿತು. ಬಾಯಲ್ಲಿ ಏನಿತ್ತು, ಯಾಕೆ ಕೂಗಲಿಲ್ಲ ಎಂದು ನಾನು ಸುರಭಿಯ ಮೇಲೆ ಹಾರಾಡಿದೆ. ಆ ಮಗು ತನ್ನ ಗ್ಲೌಸ್ ನೋಡುತ್ತಾ ನಿಂತುಬಿಟ್ಟಿತು. ನೀನೂ ಅವತ್ತು ಹಾಗೆಯೇ ನಿಂತಿದ್ದೆ.

ಅಷ್ಟರಲ್ಲಿ ಇಂಚರ ಓಡಿಬಂದು, "ಸಾರ್, ಅವ್ಳು ಕೂಗಿದ್ಲು. ನಂಗೆ ಕೇಳಿಸ್ತು. ನಾನೇ ನುಗ್ಬಿಟ್ಟೆ, ಸಾರಿ" ಎಂದಳು. ಇಬ್ಬರೂ ಒಂದೇ ಬಾಟಲಿಯಿಂದ ನೀರು ಕುಡಿದು ಮತ್ತೆ ಆಡಲು ಹೋದರು. ತಪ್ಪು ಒಪ್ಪಿಕೊಳ್ಳಲು ಹದಿಮೂರು ವರ್ಷದ ಹುಡುಗಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

ತೊಂಬತ್ತೆಂಟರ ಫೈನಲ್ಲಿನಲ್ಲಿ ನನ್ನ ತಲೆಗೆ ತಾಗಿ ಬಾಲ್ ನಮ್ಮದೇ ಗೋಲಿಗೆ ಹೋಯಿತಲ್ಲ, ಆಗ ಮ್ಯಾನೇಜರ್ ಚಿಕ್ಕಬೈರಪ್ಪನವರ ಎದುರು, ಭೀಮೇಶ ಕೂಗಲೇ ಇಲ್ಲ ಎಂದು ನಾನು ಹೇಳಿದೆ. ಫ್ಯಾಕ್ಟರಿಯಲ್ಲಿ ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಮಾತ್ರ ಪರ್ಮನೆಂಟ್ ಆಗುವುದಿತ್ತು. ನನ್ನದಾಯಿತು. ನೀನು ಗ್ಲೌಸ್ ಬಿಚ್ಚಿಟ್ಟು ಆಟೋ ಓಡಿಸಲು ಹೋದೆ. ಜನರ ಗಲಾಟೆಯಲ್ಲಿ ನಿನ್ನ ಕೂಗು ನನಗೆ ಕೇಳಿಸಿರಲಿಲ್ಲ, ಅಷ್ಟೇ.

ಸುರಭಿಗೆ ಕಲಿಸುವಷ್ಟು ಕೀಪಿಂಗ್ ನನಗೆ ಬರುವುದಿಲ್ಲ, ನಿನಗೆ ಬರುತ್ತದೆ. ಮುಂದಿನ ಭಾನುವಾರ ಬೆಳಗ್ಗೆ ಮೈದಾನಕ್ಕೆ ಬಾ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಅವಳ ಜೊತೆ ಮಾತಾಡು. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಇಂದಿಗೂ ನಿನ್ನವನೇ ಆದ
ಸೀನು

ಸಹಿ ಹಾಕಿದ ಮೇಲೆ: ಗಲಾಟೆಯ ಬಗ್ಗೆ ಮೇಲೆ ಬರೆದ ಸಾಲು ಸುಳ್ಳು. ಹೊಡೆದು ಹಾಕಿಲ್ಲ, ಇಪ್ಪತ್ತೇಳು ವರ್ಷ ನಾನು ಏನು ಹೇಳಿಕೊಂಡು ಬದುಕಿದೆ ಎಂದು ನೀನೂ ನೋಡು. ಗೋಲು ಉಳಿಸಿದವನು ನಾನೇ ಎಂದು ಚಿಕ್ಕಬೈರಪ್ಪನವರಿಗೆ ಕಾಣಲಿ ಎಂದು ಅವತ್ತು ಬೇಕೆಂದೇ ನೆಗೆದೆ. ನೀನು ಎರಡು ಸಲ ಕೂಗಿದೆ. ಎರಡನೆಯ ಸಲ ನನ್ನ ಹೆಸರು ಹಿಡಿದು, "ನಂದು ಸೀನಾ, ಬಿಡೋ" ಎಂದೆ. ಎರಡೂ ಕೇಳಿಸಿತ್ತು.