ಅಪ್ಪನ ಅಡ್ಡಗೈ

ನವೆಂಬರ್ ೧೪, ಶುಕ್ರವಾರ. ಹಡಗಿನ ಕೋಣೆ.

ಪ್ರವಾಸದ ಹಡಗು ಹತ್ತಿ ಎರಡು ದಿನ, ನೂರಕ್ಕೂ ಹೆಚ್ಚು ಫೋಟೋ, ಎಲ್ಲದರಲ್ಲೂ ಅಪ್ಪನ ಕೈ ಅಡ್ಡ. ಸಾಕಾಗಿಹೋಗಿದೆ. ನಾರಾಯಣಪುರ ಡ್ಯಾಮಿನಲ್ಲಿ ಮೂವತ್ತು ವರ್ಷ ವಾಚ್‌ಮನ್ ಆಗಿ "ಫೋಟೋ ತಗಿಬ್ಯಾಡ್ರಿ" ಎಂದು ಜನರನ್ನು ಗದರಿಸಿದವನು. ಈಗಲೂ ಯಾರಾದರೂ ಮೊಬೈಲ್ ಎತ್ತಿದರೆ ಅವನ ಕೈ ತಾನಾಗಿಯೇ ಮೇಲೇಳುತ್ತದೆ. ಬೆಳಿಗ್ಗೆ ಡೆಕ್ ಮೇಲೆ ಯಾರೋ ಹೆಂಗಸಿನ ಸೆಲ್ಫಿಗೂ ಅಡ್ಡ ಹೋದ! ಕ್ಷಮೆ ಕೇಳಿದ್ದು ನಾನು.

ಸಂಜೆ ಬೆಳಕು ಚೆನ್ನಾಗಿತ್ತು. ಅಪ್ಪನನ್ನು ಬೇಡಿಕೊಂಡು ಡೆಕ್ಕಿನ ಕಂಬಿಯ ಹತ್ತಿರ ನಿಲ್ಲಿಸಿದೆ. ಕೈ ಎತ್ತಲಿಲ್ಲ, ಆದರೆ ಪೂರ್ತಿ ಒಂದು ಬದಿಗೆ ಸರಿದು ನಿಂತ.

"ನಡುವ ಬಾ ಯಪ್ಪಾ! ಬರೇ ನೀರು ಬರಾಕತ್ತದ" ಎಂದು ರೇಗಿದೆ.

"ಇರ್ಲಿ ಬಿಡವ್ವ. ಡ್ಯಾಮಿನ ಗೇಟ್ ತೆರೆದಾಗ ಇಬ್ರೂ ನಿಂತು ಒಂದ್ ಫೋಟೋ ತಗಸ್ಕೊಳ್ಳೂಣು ಅಂತ ನಿಮ್ಮವ್ವ ಸಾಯೂತನ ಕೇಳಿದ್ಲು. ರೂಲ್ ಇಲ್ಲ ಅಂದ್ಬಿಟ್ಟೆ."

ಮೊಬೈಲ್ ಎತ್ತಿ ಬಟನ್ ಒತ್ತಿದೆ.

ಈಗ ನೋಡುತ್ತಿದ್ದೇನೆ. ಅಪ್ಪ ಸ್ಪಷ್ಟವಾಗಿ ಬಂದಿದ್ದಾನೆ. ಪಕ್ಕದಲ್ಲಿ ಅವ್ವನಿಗೆ ಬಿಟ್ಟ ಜಾಗದ ತುಂಬ ನನ್ನ ಬೆರಳು ಅಡ್ಡ. ಮತ್ತೊಮ್ಮೆ ಹಾಗೇ ನಿಲ್ಲು ಅಂತ ಯಾವ ಬಾಯಿಂದ ಕೇಳಲಿ?